ತೋಪಿನ ಸದ್ದಿಗೊಂದು ಕೋಡ್

ನಲ್ಲೂರಿನ ಹುಣಿಸೆ ತೋಪಿನ ಬಗ್ಗೆ ನಾನು ಮಾಡಿದ ವಿಡಿಯೋಗೆ ಮೂರು ಆಡಿಯೋ ಟ್ರ್ಯಾಕ್ ಇದ್ದವು. ಕನ್ನಡ ವಿವರಣೆ, ಇಂಗ್ಲಿಷ್ ವಿವರಣೆ, ಮೂರನೆಯದು ಬರೀ ತೋಪಿನ ಸದ್ದು. ಅಲ್ಲೇ ಕುರಿ ಮೇಯಿಸುವ ಮುನಿಯಮ್ಮನವರ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿದರೆ ಸಾಕು, ಎಲ್ಲಾ ಸೇರಿ ಒಂದು ಫೈಲ್ ಆಗುತ್ತೆ. ಆದರೆ ಯಾವ ಟ್ರ್ಯಾಕ್ ಯಾವ ಭಾಷೆ ಅಂತ ಮೂರಕ್ಷರದ ಕೋಡ್ ಕೊಡಬೇಕು.

"ಏನಪ್ಪಾ, ಕುಟ್ತಾನೇ ಇದೀಯ?" ಅಂದರು ಮುನಿಯಮ್ಮ. ವಿವರಿಸಿದೆ. ಮೂರನೆಯದಕ್ಕೆ 'ಭಾಷೆ ಗೊತ್ತಿಲ್ಲ' ಅನ್ನೋ ಕೋಡ್ ಹಾಕ್ತೀನಿ ಅಂದೆ.

"ಗೊತ್ತಿಲ್ಲ ಅಂತ ಯಾಕ್ ಬರೀತೀಯ? ನಮ್ ತೋಪೇನ್ ಮಾತಾಡ್ತೈತಾ, ಭಾಷೆ ಗೊತ್ತಾಗಕ್ಕೆ? ಮಾತಿಲ್ಲ ಅಂತ ಬರಿ."

"ಅಂಥಾ ಕೋಡೆಲ್ಲಾ ಇರಲ್ಲಮ್ಮ" ಅನ್ನುತ್ತಲೇ ಹುಡುಕಿದೆ. ಇತ್ತು! ಝಡ್ ಎಕ್ಸ್ ಎಕ್ಸ್ ಅಂದರೆ ಮಾತೇ ಇಲ್ಲದ್ದು. ಪ್ರಪಂಚದ ಭಾಷೆಗಳಿಗೆಲ್ಲ ಕೋಡ್ ಕೊಡುತ್ತಾ ಕೂತವರು ಯಾರೋ, ಎಲೆ ಅಲ್ಲಾಡೋ ಸದ್ದಿಗೂ ಒಂದು ಜಾಗ ಇಟ್ಟಿದ್ದರು.

ಎಂಟರ್ ಒತ್ತಿದೆ. ಸಾಲುಗಳು ಸರಸರ ಓಡಿ ನಿಂತವು. ಮೂರನೇ ಟ್ರ್ಯಾಕ್ ಹಾಕಿ, ಹೆಡ್‌ಫೋನನ್ನು ಮುನಿಯಮ್ಮನವರ ಕಿವಿಗಿಟ್ಟೆ. ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಕತ್ತೆತ್ತಿ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು. ಟ್ರ್ಯಾಕ್‌ನಲ್ಲಿ ವಿಮಾನ ಹಾದುಹೋಗುತ್ತಿತ್ತು. ಏರ್‌ಪೋರ್ಟ್ ಬಂದಮೇಲೆ ಈ ಕಡೆ ವಿಮಾನವಿಲ್ಲದ ಸದ್ದು ಎಲ್ಲಿ ಸಿಗುತ್ತೆ?

ಆಕಾಶ ಖಾಲಿಯಿತ್ತು. ಅದು ನನಗೆ ಗೊತ್ತು, ಯಾಕಂದ್ರೆ ವಿಮಾನ ಇರೋದು ಟ್ರ್ಯಾಕ್‌ನಲ್ಲಿ ಅಂತ ತಿಳಿದಿದ್ದೂ, ಕಿವಿಗೆ ಏನೂ ಹಾಕಿಕೊಳ್ಳದ ನಾನೂ ಅವರ ಜೊತೆ ಕತ್ತೆತ್ತಿ ಹುಡುಕುತ್ತಿದ್ದೆ.