ಮೂಲೆಯ ಕೆಂಪು ಚುಕ್ಕೆ

ಬೆಳಕಿನ ಪಾಠ ಬಂತೆಂದರೆ ಕಿಟಕಿಗಳ ಪರದೆ ಎಳೆದು ಕೋಣೆಯನ್ನೆಲ್ಲ ಕತ್ತಲು ಮಾಡುತ್ತಿದ್ದ ವಿಜ್ಞಾನದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಕತ್ತಲೆ ಮೇಷ್ಟ್ರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪಾಠದ ನಡುವೆ ಯಾರಾದರೂ ಕೆಮ್ಮಿದರೂ ಕೆಂಡವಾಗುತ್ತಿದ್ದರು.

ಅವರ ಸ್ಲೈಡುಗಳನ್ನೆಲ್ಲ ಗಾಜಿನ ಮೇಲೆ ಬರೆದುಕೊಟ್ಟವರು ಅವರ ಹೆಂಡತಿ. ಪ್ರೊಜೆಕ್ಟರಿನ ಮಸೂರ ಚಿತ್ರವನ್ನು ತಿರುಗಿಸಿಬಿಡುವುದರಿಂದ ಸ್ಲೈಡನ್ನು ತಲೆಕೆಳಗಾಗಿಯೇ ಹಾಕಬೇಕು. ಕತ್ತಲಲ್ಲಿ ಗಂಡ ತಡವರಿಸದಿರಲಿ ಎಂದು ಆಕೆ ಪ್ರತಿ ಸ್ಲೈಡಿನ ಒಂದು ಮೂಲೆಗೆ ಕೆಂಪು ಉಗುರುಬಣ್ಣದ ದಪ್ಪ ಚುಕ್ಕೆ ಇಡುತ್ತಿದ್ದರು. ಬಲಗೈ ಹೆಬ್ಬೆರಳಿಗೆ ಚುಕ್ಕೆ ತಗುಲಿದರೆ ಗೋಡೆಯ ಮೇಲೆ ಚಿತ್ರ ನೆಟ್ಟಗೆ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷ ಮೇಷ್ಟ್ರು ಆ ಚುಕ್ಕೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಆಕೆ ತೀರಿಕೊಂಡ ಮೂರನೇ ತಿಂಗಳಿಗೆ ಕಣ್ಣಿನ ಸ್ಲೈಡು ಕೈಜಾರಿ ಒಡೆಯಿತು. ಮೇಷ್ಟ್ರು ತಾವೇ ಕೂತು ಹೊಸದನ್ನು ಬರೆದರು: ಒಂದು ಬದಿಗೆ ಮರ, ಅದರ ಎದುರಿಗೆ ಕಣ್ಣು, ಕಣ್ಣಿನ ಒಳಗೋಡೆಯ ಮೇಲೆ ಅದೇ ಮರದ ತಲೆಕೆಳಗಾದ ಬಿಂಬ. ಚುಕ್ಕೆ ಇಡುವುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ.

ಮರುದಿನ ಗೋಡೆಯ ಮೇಲೆ ಮರ ಬೇರು ಮೇಲಾಗಿ ನಿಂತಿತು. ತರಗತಿ ಗೊಳ್ಳೆಂದು ನಕ್ಕಿತು.

ಮುಂದಿನ ಬೆಂಚಿನ ಹುಡುಗಿ, "ಸಾರ್, ಹೊರಗಿನ ಮರ ಉಲ್ಟಾ ಆಗ್ಬಿಟ್ಟಿದೆ. ಕಣ್ಣೊಳಗಿಂದು ಮಾತ್ರ ನೆಟ್ಟಗಿದೆ," ಅಂದಳು.

ಇನ್ನೇನು ಬೈಗುಳ ಬಂತು ಎಂದು ಎಲ್ಲರೂ ತಲೆ ತಗ್ಗಿಸಿದರು. ಸ್ಲೈಡನ್ನು ಹೊರತೆಗೆದ ಮೇಷ್ಟ್ರ ಹೆಬ್ಬೆರಳು ಅದರ ಚುಕ್ಕೆಯಿಲ್ಲದ ಮೂಲೆಯನ್ನು ಸವರುತ್ತಿತ್ತು.

"ಹೌದಮ್ಮ," ಅಂದರು, "ಒಳಗಿಂದು ಹಾಗೇ ಇದೆ."