ಸೆಂಟ್ರಿಂಗ್ ಬಿಚ್ಚಿದ ದಿನ

ಇಂಗ್ಲಿಷ್ ನಿಘಂಟಿನಲ್ಲಿ ‘ಸೆಂಟ್ರಿಂಗ್’ ಎಂಬ ಪದಕ್ಕೆ, ಕಮಾನು ಕಟ್ಟುವಾಗ ಅದನ್ನು ಹೊರಲು ಕೊಡುವ ತಾತ್ಕಾಲಿಕ ಚೌಕಟ್ಟು ಎಂಬ ಅರ್ಥವಿದೆ. ನಮ್ಮ ಮನೆಯವರು ಯಾರೂ ಕಮಾನು ಕಟ್ಟಿದವರಲ್ಲ. ಆದರೂ ಆ ಪದ ಆಡದ ದಿನವಿರಲಿಲ್ಲ. ತಾರಸಿಯ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ತಗಡು, ಹಲಗೆ, ಕಂಬಗಳು ಸೆಂಟ್ರಿಂಗ್. ಅವನ್ನು ಕಟ್ಟುವ ಕಸುಬೂ ಸೆಂಟ್ರಿಂಗ್, ಕಟ್ಟುವ ಜನ ಸೆಂಟ್ರಿಂಗ್‌ನವರು. ಚಿಕ್ಕಪ್ಪ ಅದರ ಮೇಸ್ತ್ರಿ. ಚಿಕ್ಕಮ್ಮನನ್ನು ಬೀದಿಯವರು ಕರೆಯುತ್ತಿದ್ದದ್ದೇ ಸೆಂಟ್ರಿಂಗಮ್ಮ ಎಂದು.

ಮದುವೆಯಾದ ಹೊಸತರಲ್ಲಿ ಗಂಡನಿಗೆ ಊಟ ಕೊಡಲು ಹೋದವಳು ಅಲ್ಲೇ ತಗಡುಗಳಿಗೆ ಎಣ್ಣೆ ಬಳಿಯಲು ನಿಂತಳು. ಎಣ್ಣೆ ಬಳಿಯದಿದ್ದರೆ ಕಾಂಕ್ರೀಟು ತಗಡನ್ನು ಬಿಡುವುದಿಲ್ಲ. ಬರಬರುತ್ತಾ ಕಂಬ ಕೊಯ್ಯುವುದು, ಅದರ ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡುವುದು ಎಲ್ಲವನ್ನೂ ಕಲಿತಳು.

“ನಿನ್ನ ಕೈ ತಾಗಿದ್ದೆಲ್ಲ ಜಾರಿ ಹೋಗುತ್ತೆ ಕಣೇ, ನಾನೊಬ್ಬ ಮಾತ್ರ ಅಂಟ್ಕೊಂಡಿದೀನಿ” ಎಂದು ಚಿಕ್ಕಪ್ಪ ರೇಗಿಸುತ್ತಿದ್ದ.

ಬೇಕರಿಯವರ ಹೊಸ ಕಟ್ಟಡಕ್ಕೆ ತಾರಸಿ ಹಾಕಿದ ವಾರವೇ ಚಿಕ್ಕಪ್ಪ ತೀರಿಕೊಂಡ. ಊಟ ಮುಗಿಸಿ, ಲೋಟ ಕೆಳಗಿಟ್ಟು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಬಂದವರೆಲ್ಲ “ಅತ್ತುಬಿಡಮ್ಮ, ಹಗುರಾಗುತ್ತೆ” ಎಂದರು. ಚಿಕ್ಕಮ್ಮ ಆಗಲಿ ಎನ್ನುವಂತೆ ತಲೆಯಾಡಿಸಿದಳು. ಎದ್ದು ಹೋಗಿ ಅವನು ಉಂಡ ತಟ್ಟೆ ತೊಳೆದಳು. ಅಳು ಬರಲಿಲ್ಲ.

ಕಾಂಕ್ರೀಟು ಗಟ್ಟಿಯಾಯಿತು. ಕಂಬ ಬಿಚ್ಚಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಈ ಕಸುಬಿನಲ್ಲಿ ಸೆಂಟ್ರಿಂಗ್ ಕಟ್ಟಿಸಿದ ಮೇಸ್ತ್ರಿಯೇ ಮೊದಲ ಬೆಣೆ ತೆಗೆಯಬೇಕು. ಕೊನೆಯ ಕಂಬ ಬೀಳುವಾಗ ಉಳಿದವರನ್ನು ಹೊರಗೆ ಕಳಿಸಿ ಅವನೊಬ್ಬನೇ ಕೆಳಗೆ ನಿಲ್ಲಬೇಕು. ಹಿಂದಿನ ಬೀದಿಯ ಮೇಸ್ತ್ರಿ ಬಂದು ಒಂದು ಸುತ್ತು ನೋಡಿ ಹಿಂದೆ ಸರಿದ. “ಬಿದ್ರೆ ನನ್ನ ತಲೆಗೆ, ನಿಂತ್ರೆ ಅವನ ಹೆಸರಿಗೆ. ನಂಗ್ಯಾಕಪ್ಪಾ ಬೇಕು?” ಅಷ್ಟರಲ್ಲಿ ಇನ್ನೊಂದು ಮಾತೂ ಹುಟ್ಟಿಕೊಂಡಿತ್ತು. ಬೀದಿಯ ಕಡೆಗೆ ಚಾಚಿದ ಬಾಲ್ಕನಿಯನ್ನು ಚಿಕ್ಕಪ್ಪ ಮೈ ಸರಿಯಿಲ್ಲದಾಗ ಕಟ್ಟಿದ್ದನಂತೆ, ಅದು ನಿಲ್ಲುವುದಿಲ್ಲವಂತೆ. ಬಾಲ್ಕನಿ ಜಗ್ಗಿದರೆ ಚಿಕ್ಕಪ್ಪನ ಹೆಸರು ಹೋಗುತ್ತಿತ್ತು. ಅವನ ಜೊತೆಗಿದ್ದ ಆಳುಗಳನ್ನು ಆಮೇಲೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಆ ಆಳುಗಳಲ್ಲಿ ಹಳಬ, ಎತ್ತರದ ಆಳಾದ್ದರಿಂದ ‘ಏಣಿ’ ಎಂದು ಹೆಸರು ಬಿದ್ದವನು, ಒಂದು ದಿನ ಬೆಳಿಗ್ಗೆಯೇ ಮನೆಗೆ ಬಂದ.

“ಅತ್ತಿಗೆ, ಬೇಕರಿಯವರು ಯಾರನ್ನಾದ್ರೂ ಕರೆಸಿ ಕಿತ್ತು ಹಾಕಿಸ್ತೀನಿ ಅಂತಿದಾರೆ.”

“ನೀನೇ ಬಿಚ್ಚು.”

“ನಾನಾ? ನಂಗೆ ಬಿಚ್ಚೋಕೆ ಬರೋದು ಊಟದ ಡಬ್ಬಿ ಒಂದೇ ಅಂತ ಅಣ್ಣಾನೇ ಹೇಳ್ತಿದ್ರಲ್ಲ!”

ಚಿಕ್ಕಮ್ಮ ನಗಲಿಲ್ಲ. “ಸುತ್ತಿಗೆ ಎಲ್ಲಿದೆ?” ಎಂದಳು.

ನಾನು ರಜೆಗೆ ಬಂದಿದ್ದೆ. ಚಿಕ್ಕಮ್ಮ, ಏಣಿ ಬೇಕರಿ ಕಟ್ಟಡಕ್ಕೆ ಹೋದಾಗ ಎದುರು ಬದಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಒಳಗಿನ ತಾರಸಿಯ ಕೆಲಸ ಸುಸೂತ್ರವಾಗಿ ಮುಗಿಯಿತು. ಅಲ್ಲಿ ನಡುವಿನಿಂದ ಶುರುಮಾಡಿ ಗೋಡೆಗಳ ಕಡೆಗೆ ಬಿಚ್ಚುತ್ತಾ ಬರಬೇಕು. ಬಾಲ್ಕನಿಯದು ಬೇರೆ ಲೆಕ್ಕ. ಹೊರಗಿನ ತುದಿಯ ಕಂಬ ಮೊದಲು, ಗೋಡೆಯ ಪಕ್ಕದ್ದು ಕೊನೆಗೆ. ತುದಿಯ ಕಂಬವನ್ನು ಉಳಿಸಿಕೊಂಡು ಗೋಡೆಯ ಕಡೆಯಿಂದ ತೆಗೆದರೆ ನಡುವೆ ಬಿರುಕು ಬಿಡುತ್ತದೆ. ಚಿಕ್ಕಮ್ಮ ಒಳಗಿನಿಂದ ಬಂದವಳೇ ಬಾಲ್ಕನಿಯಡಿ ಮೊದಲು ಎದುರಾದ ಗೋಡೆಯ ಪಕ್ಕದ ಕಂಬಕ್ಕೇ ಸುತ್ತಿಗೆ ಬೀಸಿದಳು.

“ಅತ್ತಿಗೆ! ಹೊರಗಿಂದ, ಹೊರಗಿಂದ!”

ಬೆಣೆ ಅರ್ಧ ಹೊರಬಂದಿತ್ತು. ಬೇರೆ ಯಾರೋ ಮಾಡಿದ ಕೆಲಸವೆಂಬಂತೆ ಅವಳು ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೊಡೆದು ಮತ್ತೆ ಒಳಗೆ ಕೂರಿಸಿದಳು.

“ಗೊತ್ತಿತ್ತು ಕಣೋ ನಂಗೆ. ಗೊತ್ತಿದ್ದೂ ಹೊಡೆದೆ.”

“ಸುತ್ತಿಗೆ ಇಲ್ಲಿ ಕೊಡಿ ಅತ್ತಿಗೆ. ಸ್ವಲ್ಪ ಹೊತ್ತು ಕೂತ್ಕೊಳಿ.”

“ಕೂತ್ರೆ ಏಳಲ್ಲ.”

ಹೊರಗಿನ ತುದಿಗೆ ಹೋದಳು. ಒಂದೊಂದೇ ಕಂಬ ಸಡಿಲವಾಗಿ ಏಣಿಯ ಕೈಗೆ ಬಂತು. ಕೊನೆಯದೊಂದು ಉಳಿದಾಗ ಅವನನ್ನು ಬೀದಿಗೆ ಕಳಿಸಿದಳು. ಅವನು ಹೋಗಲಾರೆನೆಂದ. ಕಣ್ಣಲ್ಲೇ ಗದರಿಸಿದಳು. ಬೆಣೆ ಹಾರಿತು, ಕಂಬ ನೆಲಕ್ಕೆ ಬಿತ್ತು. ಅವಳ ತಲೆಯ ಮೇಲೆ ಒಂದಿಷ್ಟು ಸಿಮೆಂಟಿನ ಪುಡಿ ಉದುರಿತು. ಅಷ್ಟೇ.

ಏಣಿ ಬಾಲ್ಕನಿಯ ಅಂಚಿಗೆ ದಾರ ಹಿಡಿದು ನೋಡಿದ. “ಕೂದಲೆಳೆಯಷ್ಟೂ ಇಳಿದಿಲ್ಲ, ಅತ್ತಿಗೆ.”

ಬೇಕರಿಯವರು ಕೆಳಗೆ ಬಂದು ನಿಂತು, ಕತ್ತೆತ್ತಿ ನೋಡಿ, ಉಸಿರು ಬಿಟ್ಟರು. “ಮೇಲಿನ ಮಹಡಿ ಸೆಂಟ್ರಿಂಗಿಗೆ ಇನ್ಯಾರನ್ನಮ್ಮ ಕರೀಲಿ?”

“ಸೋಮವಾರ ನಾವೇ ಬರ್ತೀವಿ” ಎಂದಳು ಚಿಕ್ಕಮ್ಮ.

ಆ ದನಿಯಲ್ಲಿ ಸಂತೋಷವಾಗಲಿ ದುಃಖವಾಗಲಿ ನನಗೆ ಕೇಳಿಸಲಿಲ್ಲ. ತಲೆಯ ಮೇಲಿನ ಪುಡಿಯನ್ನೂ ಕೊಡವಿಕೊಳ್ಳದೆ, ಬಗ್ಗಿ, ಬಿದ್ದ ಕಂಬಗಳಲ್ಲಿ ಉದ್ದದ್ದು ಗಿಡ್ಡದ್ದು ಬೇರೆ ಮಾಡತೊಡಗಿದಳು.