ನಸೀಮಾ ಮೇಡಂ ಬರೆದುಕೊಟ್ಟ ವರದಿ

ನಸೀಮಾ ಮೇಡಂ ನಮ್ಮ ಶಾಲೆಗೆ ಬಂದ ಮೊದಲ ದಿನ ತಮ್ಮ ಕೋಣೆಗೆ ಕರೆಸಿಕೊಂಡದ್ದು ಹತ್ತನೆಯ ತರಗತಿಯ ಅತ್ಯಂತ ಜಾಣ ಹುಡುಗಿಯನ್ನು. ನನಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ದಡ್ಡ ಮಕ್ಕಳ ಪಟ್ಟಿಯನ್ನು ಬೆಳಿಗ್ಗೆಯೇ ನನ್ನ ಕೈಯಾರೆ ಬರೆದು ಕೊಟ್ಟಿದ್ದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡರು. ಮರುದಿನ ಎರಡನೆಯ ಜಾಣನನ್ನು ಕರೆದರು.

ನಾನು ಆಗ ಸುರಪುರದ ಒಂದು ಖಾಸಗಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ಮಕ್ಕಳ ಮನಸ್ಸು, ಕಲಿಕೆ ನೋಡಿಕೊಳ್ಳಲು ಒಬ್ಬರು ಇರಬೇಕೆಂದು ಆಡಳಿತ ಮಂಡಳಿಯವರು ವರ್ಷದ ಕರಾರಿನ ಮೇಲೆ ಇವರನ್ನು ತೆಗೆದುಕೊಂಡಿದ್ದರು. ದಿನವೂ ಶಹಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ನನ್ನ ಮಗಳಷ್ಟು. ಇದೇನಮ್ಮ ಹೀಗೆ ಮಾಡಿದಿರಿ ಎಂದು ಕರೆದು ಕೇಳಿದೆ.

"ದಡ್ಡರನ್ನಷ್ಟ ಕರದ್ರ ಇದು ದಡ್ಡರ ಖೋಲಿ ಆಗ್ತದ್ರಿ ಸರ. ಆಮ್ಯಾಲ ಕಷ್ಟ ಇದ್ದವರು ಈ ಕಡಿ ಹಾಯಂಗಿಲ್ಲ" ಅಂದರು.

ವಾರ ಕಳೆಯುವಷ್ಟರಲ್ಲಿ ಮಕ್ಕಳೇ ನನ್ನ ಪಾಳಿ ಯಾವಾಗ ಎಂದು ಕೇಳತೊಡಗಿದರು. ನಾನು ಬಾಯಿ ಮುಚ್ಚಿಕೊಂಡೆ. ಒಪ್ಪಿಕೊಂಡೆ ಅಂತಲ್ಲ, ಸೋತವರು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ.

ಅವರಿಗೆ ನಾವು ಕೊಟ್ಟದ್ದು ಆಟದ ಸಾಮಾನಿನ ಖೋಲಿ. ಒಂದು ಕಡೆ ಹರಿದ ನೆಟ್ಟು, ಕೇರಂ ಬೋರ್ಡು. ಇನ್ನೊಂದು ಕಡೆ ಕಾಲು ಮುರಿದ ಬೆಂಚುಗಳ ರಾಶಿ. ಕಿಟಕಿ ತೆರೆದರೆ ಮೊಳ ದೂರದಲ್ಲಿ ಕಾಂಪೌಂಡು ಗೋಡೆ. ನಮ್ಮ ಕಡೆಯ ಬಿಸಿಲು ಕೇಳಬೇಕೇ, ಹನ್ನೆರಡಕ್ಕೆಲ್ಲ ಅಲ್ಲಿ ಉಸಿರು ಕಟ್ಟುತ್ತಿತ್ತು. ಅದರಲ್ಲೂ ಗೋಡೆಯ ಕಡೆಗೆ ತಾವು ಕೂತು, ಬಾಗಿಲ ಕಡೆಯ ಕುರ್ಚಿಯನ್ನು ಮಗುವಿಗೆ ಬಿಡುತ್ತಿದ್ದರು. ಎದ್ದು ಹೋಗಬೇಕೆನಿಸಿದರೆ ಅದಕ್ಕೆ ದಾರಿ ಇರಬೇಕಂತೆ. ಸಿಕ್ಕಿಬಿದ್ದ ಮಗು ಖರೆ ಹೇಳುವುದಿಲ್ಲ, ನಾವು ಕೇಳಬೇಕೆಂದದ್ದನ್ನು ಹೇಳುತ್ತದೆ ಎಂದು ಅವರ ನಂಬಿಕೆ.

ಮಾಸ್ತರರು ಹಿಂದಿನಿಂದ ಅವರನ್ನು ಹುಚ್ಚರ ಡಾಕ್ಟರು ಅನ್ನುತ್ತಿದ್ದರು. ನಾನೂ ಒಮ್ಮೆ ಅಂದು ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ. ಅವರು ಧಾರವಾಡದಲ್ಲಿ ಎರಡು ವರ್ಷ ಮನಶ್ಶಾಸ್ತ್ರ ಓದಿ, ಮೇಲೊಂದು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಪಳಗಿದವರು. ಅಲ್ಲಿ ಮೊದಲ ಮೂರು ತಿಂಗಳು ಬುದ್ಧಿ ಅಳೆಯುವ ಪರೀಕ್ಷೆಯ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲವಂತೆ. ಮಕ್ಕಳು ಆಡುವುದನ್ನು ಸುಮ್ಮನೆ ನೋಡಿ ಬರೆಯುವುದೇ ಪಾಠ. ಕಂಡದ್ದು ಬೇರೆ, ಕೇಳಿದ್ದು ಬೇರೆ, ಅಳೆದದ್ದು ಬೇರೆ. ಮೂರನ್ನೂ ಕಲಸಿ ಬರೆದರೆ ಗುರುಗಳು ಹಾಳೆ ಹರಿದು ಕೊಡುತ್ತಿದ್ದರಂತೆ. ಇಂಥವರನ್ನು ನಾವು ಯಾರೋ ರಜೆ ಹಾಕಿದ್ದಾರೆಂದು ಎಂಟನೆಯ ತರಗತಿ ಕಾಯಲು ಕಳಿಸುತ್ತಿದ್ದೆವು. ಇಲ್ಲ ಅನ್ನುತ್ತಿರಲಿಲ್ಲ. ಆದರೆ ಆ ತಾಸಿನಲ್ಲಿ ತಮ್ಮ ಹತ್ತಿರ ಬರಬೇಕಾದ ಮಗುವಿಗೆ ಇವತ್ತು ಬರಬೇಡ ಎಂದು ನಾನೇ ಹೋಗಿ ಹೇಳಬೇಕೆಂದು ಷರತ್ತು ಹಾಕುತ್ತಿದ್ದರು. ಎರಡು ಸಲ ಹೇಳಿದೆ. ಆ ಮಕ್ಕಳ ಮುಖ ನೋಡಿದ ಮೇಲೆ ಮೂರನೆಯ ಸಲ ಅವರನ್ನು ಕಳಿಸಲಿಲ್ಲ.

ಈಗ ಮಲ್ಲಮ್ಮನ ಸಂಗತಿ.

ಹತ್ತನೆಯ ತರಗತಿಯ ಫಲಿತಾಂಶ ನಮ್ಮ ಕೊರಳಿಗೆ ಬಿದ್ದ ಹಗ್ಗ. ಕಡಿಮೆ ಬಂದ ಶಾಲೆಯ ಮುಖ್ಯೋಪಾಧ್ಯಾಯ ಮೀಟಿಂಗಿನಲ್ಲಿ ಎದ್ದು ನಿಂತು ಕಾರಣ ಹೇಳಬೇಕು. ಎರಡು ವರ್ಷ ನಿಂತಿದ್ದೆ. ಮೂರನೆಯ ವರ್ಷ ನಿಲ್ಲುವ ಶಕ್ತಿ ಇರಲಿಲ್ಲ. ಕಲಿಕಾ ನ್ಯೂನತೆ ಇದೆ ಎಂದು ಪ್ರಮಾಣಪತ್ರ ಇದ್ದ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಸಿಗುತ್ತದೆ. ನನ್ನ ಪಟ್ಟಿಯ ಗುಟ್ಟು ಅದೇ. ಮೇಡಂ ಬರೆದುಕೊಟ್ಟರೆ ಹನ್ನೊಂದೂ ಮಕ್ಕಳು ದಡ ಸೇರುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಅವರು ಒಬ್ಬೊಬ್ಬರನ್ನೇ ನೋಡಿ, ಇಬ್ಬರಿಗೆ ನಿಜವಾಗಿಯೂ ನ್ಯೂನತೆ ಇದೆ ಎಂದು ಬರೆದುಕೊಟ್ಟರು. ಎಂಟು ಮಕ್ಕಳಿಗೆ ಏನೂ ಇಲ್ಲ, ಪಾಠ ಮಾಡಿ ಅಂದರು. ಉಳಿದವಳು ದೇವಾಪುರದ ಮಲ್ಲಮ್ಮ. ಅವಳಿಗೆ ಭಿನ್ನರಾಶಿ ಬಾರದು, ಇಂಗ್ಲಿಷಿನ ಒಂದು ಸಾಲು ಓದಲು ಬಾರದು. ಅವಳ ವಿಷಯದಲ್ಲಾದರೂ ಮೇಡಂ ಹೂಂ ಅನ್ನುತ್ತಾರೆಂದು ಕಾದಿದ್ದೆ. ಅವರು ಕೇಳಿದ್ದು ಮೂರು ವರ್ಷದ ಹಾಜರಿ ಪುಸ್ತಕ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಜರಿ ಯಾಕೆ ಬೇಕು ಎಂದು ನಾನು ಜೋರು ಮಾಡಿದೆ. ಪರೀಕ್ಷೆ ಕೊನೆಗೆ, ಮಗು ಶಾಲೆಗೆ ಎಷ್ಟು ಬಂದಿದೆ ಅನ್ನುವುದು ಮೊದಲು ಎಂದು ಅವರು ತಣ್ಣಗೆ ಹೇಳಿದರು. ಕೊಡದೆ ವಿಧಿಯಿರಲಿಲ್ಲ.

ಮರುದಿನ ಮಧ್ಯಾಹ್ನ ನನ್ನನ್ನು ಆ ಖೋಲಿಗೆ ಕರೆದರು. ಬಾಗಿಲ ಕಡೆಯ ಕುರ್ಚಿ ತೋರಿಸಿದರು. ಕೂತೆ.

"ಸರ, ಹುಡುಗಿನ್ನ ಕೇಳಿನಿ. ವರ್ಷಾ ದೀಪಾವಳಿ ಆದಮ್ಯಾಲ ಮಲ್ಲಮ್ಮ ಅವ್ವ ಅಪ್ಪನ ಕೂಡ ಪುಣಾಕ ದುಡಿಯಾಕ ಹೋಗ್ಯಾಳ. ಯುಗಾದಿಗಿ ಬಂದಾಳ. ಈ ವರ್ಷ ಅಷ್ಟ ಪರೀಕ್ಷಾ ಅದ ಅಂತ ಉಳದಾಳ. ಆಕಿ ಅಲ್ಲಿ ಇಟ್ಟಂಗಿ ಹೊರಾಕತ್ತಾಗ ಇಲ್ಲಿ ಹಾಜರ್ ಅಂದಾಕಿ ಯಾರ್ರಿ?"

ನಾನು ಏನೇನೋ ಹೇಳಿದೆ. ಸಂಖ್ಯೆ ಇಳಿದರೆ ಒಂದು ಸೆಕ್ಷನ್ ಹೋಗುತ್ತದೆ, ಸೆಕ್ಷನ್ ಹೋದರೆ ಒಬ್ಬ ಮಾಸ್ತರನ ಕೆಲಸ ಹೋಗುತ್ತದೆ, ಎಲ್ಲ ಕಡೆ ನಡೆಯುವುದೇ ಇದು ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಹಾಗೆ ಕೇಳಿಸಿಕೊಳ್ಳುವವರ ಮುಂದೆ ಸುಳ್ಳು ಬಹಳ ದೂರ ಹೋಗುವುದಿಲ್ಲ. ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು, ಏಳಲು ನನ್ನ ಕೈಲಾಗಲಿಲ್ಲ. ಕೊನೆಗೆ ಬೇಡಿಕೊಂಡೆ. ಬರೆದುಕೊಡಿ, ಹುಡುಗಿ ಪಾಸಾಗುತ್ತಾಳೆ, ಯಾರಿಗೇನು ನಷ್ಟ?

"ನಾ ನಿಮ್ಮ ಮ್ಯಾಲ ತಕರಾರ ಬರಿಯಂಗಿಲ್ರಿ. ಆದ್ರ ಹಾಜರಿ ಸುಳ್ಳ ಆಗ್ಯಾದ ಅಂತ ಹುಡುಗಿ ತಲಿ ಕೆಟ್ಟದಂತ ಬರಿಯಂಗಿಲ್ಲ. ನೀವ ಗಣಿತ ಮಾಸ್ತರ. ಪರೀಕ್ಷಾಕ ಇನ್ನ ನಾಕ ತಿಂಗಳ ಅದ. ದಿನಾ ಅರ್ಧ ತಾಸ ಕೊಡ್ರಿ ಆಕಿಗಿ."

ಮೂರು ದಿನದ ಮೇಲೆ ವರದಿ ನನ್ನ ಮೇಜಿಗೆ ಬಂತು. ಎರಡು ಪುಟ, ಗುಂಡಗಿನ ಅಕ್ಷರ. ಕೊನೆಯಲ್ಲಿ ಹೀಗಿತ್ತು: "ಈ ವಿದ್ಯಾರ್ಥಿನಿಯಲ್ಲಿ ಕಲಿಕಾ ನ್ಯೂನತೆ ಇಲ್ಲ. ಶಾಲೆಗೆ ಬಂದ ದಿನಗಳಲ್ಲಿ ಕಲಿಸಿದ್ದೆಲ್ಲ ಈಕೆಗೆ ಬರುತ್ತದೆ. ಬುದ್ಧಿ ಚುರುಕಾಗಿದೆ." ಮೇಲಕ್ಕೆ ಕಳಿಸಿದರೆ ಇವಳು ಬಾರದ ದಿನಗಳು ಯಾವುವು ಎಂದು ಕೇಳುತ್ತಾರೆ, ಹರಿದು ಹಾಕಿದರೆ ಇನ್ನೊಂದು ಬರೆದು ತರುವ ಹೆಂಗಸು ಇವರು. ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ. ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅರ್ಧ ತಾಸು ನಾನು ಕೊಡಲಿಲ್ಲ. ಬದಲಿಗೆ ಮಲ್ಲಮ್ಮನನ್ನು ಬೇರೆ ಊರಿನಲ್ಲಿ ಇಂಥ ಪ್ರಮಾಣಪತ್ರ ಕೊಡುವ ಒಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಹತ್ತು ನಿಮಿಷ ನೋಡಿ, ನನಗೆ ಬೇಕಾದ ಮಾತನ್ನು ಬರೆದು ಶಿಕ್ಕಾ ಒತ್ತಿದರು. ಅದು ನಸೀಮಾ ಮೇಡಂಗೂ ತಿಳಿಯಿತು. ಮುಂದಿನ ವರ್ಷಕ್ಕೆ ಈ ಹುದ್ದೆ ಅಗತ್ಯವಿಲ್ಲ ಎಂದು ಆಡಳಿತ ಮಂಡಳಿಗೆ ಪತ್ರ ಬರೆದವನೂ ನಾನೇ. ಅವರನ್ನು ದಿನವೂ ನೋಡುವುದು ನನಗೆ ಆಗುತ್ತಿರಲಿಲ್ಲ. ಥೂ, ಎಂಥ ಮನುಷ್ಯ ನಾನು.

ಮಲ್ಲಮ್ಮ ಪಾಸಾದಳು. ಮೀಟಿಂಗಿನಲ್ಲಿ ನಾನು ಆ ವರ್ಷ ಕೂತೇ ಇದ್ದೆ. ಕಾಲೇಜಿಗೆ ಅವಳ ಅರ್ಜಿ ಬಂದಿಲ್ಲವೆಂದು ಕೇಳಿ ದೇವಾಪುರಕ್ಕೆ ಹೋದೆ. ಅಂಗಳದಲ್ಲಿ ಗಂಟು ಕಟ್ಟುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನನ್ನ ತಲಿ ಓಡಂಗಿಲ್ಲಂತ ನೀವ ಬರಸಿ ತಂದೀರಲ್ರಿ ಸರ. ಮುಂದ ಓದಿ ಏನ ಮಾಡ್ಲಿ?"

ವರದಿ ಕಪಾಟಿನಲ್ಲಿತ್ತು. ಇಲ್ಲಮ್ಮ, ಅದು ಸುಳ್ಳು ಎನ್ನಲು ಬಾಯಿ ತೆರೆದರೆ ಹಾಜರಿ ಪುಸ್ತಕವೂ ಬಾಯಿ ತೆರೆಯುತ್ತಿತ್ತು. ನನ್ನ ನಿವೃತ್ತಿಗೆ ಆಗ ಹತ್ತು ತಿಂಗಳಿತ್ತು. ಚಹಾ ಕುಡಿದು ಬಂದೆ.

ನಸೀಮಾ ಮೇಡಂ ಕೊನೆಯ ಸಲ ಸಿಕ್ಕಿದ್ದು ಯಾದಗಿರಿಯ ರೈಲು ನಿಲ್ದಾಣದಲ್ಲಿ, ನಾನು ನಿವೃತ್ತನಾದ ಮೇಲೆ. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕೆಲಸವಂತೆ. ತಾವಾಗಿಯೇ ಬಂದು ಆರಾಮ ಕೇಳಿದರು, ಪಕ್ಕದಲ್ಲಿ ಕೂತರು. ನಾನು ಮಾಡಿದ್ದು ಅವರಿಗೆ ಗೊತ್ತಿತ್ತು. ಮಾತಿನಲ್ಲಿ ಅದರ ಸುಳಿವೂ ಇರಲಿಲ್ಲ. ಆಮೇಲೆ ಮಲ್ಲಮ್ಮ ಹೇಗಿದ್ದಾಳೆಂದು ಕೇಳಿದರು. ಪಾಸಾದಳು ಅಂದೆ.

"ಅದು ಗೊತ್ತದ್ರಿ. ಹೆಂಗದಾಳ ಅಂತ ಕೇಳಿನಿ."

ಎಲ್ಲ ಹೇಳಿದೆ. ಅಂಗಳದಲ್ಲಿ ಅವಳು ಅಂದ ಮಾತನ್ನೂ ಹೇಳಿದೆ. ಮೇಡಂ ತಾವು ಬರೆದದ್ದನ್ನು ಅವಳು ಓದಿದ್ದಾಳೆಯೇ ಎಂದು ಕೇಳಿದರು. ಇಲ್ಲ, ನಿವೃತ್ತನಾಗುವಾಗ ಕಪಾಟಿನಿಂದ ತೆಗೆದು ಮನೆಗೆ ತಂದಿಟ್ಟುಕೊಂಡಿದ್ದೇನೆ ಅಂದೆ.

"ಅದು ನಿಮಗ ಬರದಿದ್ದಲ್ರಿ ಸರ. ಆಕಿಗಿ ಬರದಿದ್ದು."

ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ರೈಲು ಬಂತು, ಹತ್ತಿ ಹೋದರು.

ಮರುದಿನವೇ ವರದಿ ತೆಗೆದುಕೊಂಡು ದೇವಾಪುರಕ್ಕೆ ಹೋದೆ. ಮನೆಗೆ ಬೀಗ. ಎರಡು ವರ್ಷದಿಂದ ಅವರು ಊರಿಗೆ ಬಂದಿಲ್ಲವೆಂದು ಪಕ್ಕದವರು ಹೇಳಿದರು. ಪುಣೆ ಅಂದರು ಒಬ್ಬರು, ಮುಂಬೈ ಅಂದರು ಇನ್ನೊಬ್ಬರು. ಕೊಟ್ಟ ಫೋನ್ ನಂಬರು ಹತ್ತುವುದಿಲ್ಲ. ಆಮೇಲೂ ಎರಡು ಸಲ ಹೋಗಿ ಬಂದಿದ್ದೇನೆ. ಮಲ್ಲಮ್ಮನ ಬುದ್ಧಿ ಚುರುಕಾಗಿದೆ ಎಂಬುದು ನನಗೆ ಗೊತ್ತು, ನಸೀಮಾ ಮೇಡಂಗೆ ಗೊತ್ತು. ಮಲ್ಲಮ್ಮನಿಗೆ ಗೊತ್ತಿಲ್ಲ.